ಬ್ಯಾಂಕಿನ ನೋಟಿಸು ಬಂದಾಗ: ಸುಲ್ಹ್‌ನ ದಾರಿ

(ತುಮಕೂರು ನಗರದ ಮಸೀದಿಯಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ನೀಡಿದ ಪ್ರವಚನದ ಸಾರಾಂಶ. ಇದೇ ವಿಷಯವನ್ನು ಗುಬ್ಬಿ ಮತ್ತು ಕುಣಿಗಲ್‌ನ ಸಹೋದರರ ಮುಂದೆಯೂ ಇಡಲಾಯಿತು.)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಅನುಗ್ರಹವಿರಲಿ.



ನಮ್ಮ ಮನೆಗಳಲ್ಲಿ ಒಂದು ಅಭ್ಯಾಸವಿದೆ. ಮದುವೆಯ ಕಾರ್ಡ್ ಬಂದರೆ ಎಲ್ಲರೂ ನೋಡುವ ಹಾಗೆ ಗೋಡೆಯ ಹತ್ತಿರ ಇಡುತ್ತೇವೆ. ಬ್ಯಾಂಕಿನಿಂದ ರಿಜಿಸ್ಟರ್ಡ್ ಅಂಚೆ ಬಂದರೆ ಬೀರುವಿನಲ್ಲಿ ಬಟ್ಟೆಯ ಅಡಿಗೆ ಸೇರಿಸುತ್ತೇವೆ. ಹೆಂಡತಿಗೆ ಹೇಳುವುದಿಲ್ಲ, ಅಣ್ಣನಿಗೆ ಹೇಳುವುದಿಲ್ಲ, ಜಮಾಅತಿನವರಿಗಂತೂ ಹೇಳುವುದೇ ಇಲ್ಲ. ಒಂದು ದಿನ ಮನೆಯ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿದಾಗ ಇಡೀ ಬೀದಿಗೆ ಗೊತ್ತಾಗುತ್ತದೆ. ಆಗ ಆ ಲಕೋಟೆಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು, "ಹಝ್ರತ್, ಇದರಲ್ಲಿ ಏನು ಬರೆದಿದೆ ನೋಡಿ" ಎಂದು ಬರುತ್ತಾರೆ. ಬಿಡಿಸಿ ನೋಡಿದರೆ ಮೊದಲ ಪತ್ರದಲ್ಲೇ ಬ್ಯಾಂಕು ಮಾತುಕತೆಗೆ ಕರೆದಿರುತ್ತದೆ. ಕರೆದ ದಿನ ಕಳೆದು ತಿಂಗಳುಗಳಾಗಿರುತ್ತವೆ.

ಏಕೆ ಬಚ್ಚಿಡುತ್ತೇವೆ? ಎರಡು ಕಾರಣ. ಒಂದು ಭಯ. ಇನ್ನೊಂದು ನಾಚಿಕೆ. ಬಡ್ಡಿಯ ಸಾಲ ಪಡೆದಿದ್ದೇನೆ, ಮಸೀದಿಯಲ್ಲಿ ಯಾವ ಮುಖ ಹೊತ್ತು ಹೇಳಲಿ ಎಂಬ ನಾಚಿಕೆ. ಇವತ್ತು ನಾನು ಈ ನಾಚಿಕೆಯ ಬಗ್ಗೆಯೇ ಮಾತನಾಡಬೇಕೆಂದಿದ್ದೇನೆ. ಬಡ್ಡಿ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಾಕಿಯ ತಕರಾರನ್ನು ಬಗೆಹರಿಸದೆ ಮುಚ್ಚಿಡುವುದು ಆ ತಪ್ಪಿಗೆ ಪರಿಹಾರವಲ್ಲ. ಅದು ಒಂದರ ಮೇಲೆ ಇನ್ನೊಂದು ಹೊರೆ.

ಪ್ರವಾದಿ(ಸ)ರ ಮಸೀದಿಯಲ್ಲಿ ನಡೆದ ಒಂದು ಘಟನೆ ಕೇಳಿ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಹಝ್ರತ್ ಕಅಬ್ ಬಿನ್ ಮಾಲಿಕ್(ರ)ರಿಗೆ ಇಬ್ನು ಅಬೀ ಹದ್ರದ್(ರ) ಎಂಬ ಸಹಾಬಿಯಿಂದ ಸಾಲ ಬರಬೇಕಿತ್ತು. ಮಸೀದಿಯೊಳಗೇ ಕೇಳಿದರು. ಮಾತಿಗೆ ಮಾತು ಬೆಳೆಯಿತು, ದನಿ ಏರಿತು. ಮನೆಯೊಳಗಿದ್ದ ಪ್ರವಾದಿ(ಸ)ರ ಕಿವಿಗೂ ಬಿತ್ತು. ಅವರು ಕೋಣೆಯ ಪರದೆ ಸರಿಸಿ ಹೊರಬಂದರು. ಕಅಬ್‌ರನ್ನು ಕರೆದು, ಅರ್ಧ ಬಿಟ್ಟುಬಿಡು ಎಂದು ಕೈಯಿಂದ ಸನ್ನೆ ಮಾಡಿದರು. ಕಅಬ್ ಕೂಡಲೇ ಒಪ್ಪಿದರು. ಆಗ ಪ್ರವಾದಿ(ಸ)ರು ಸಾಲಗಾರನ ಕಡೆಗೆ ತಿರುಗಿ, ಎದ್ದು ಹೋಗಿ ಉಳಿದದ್ದನ್ನು ತೀರಿಸು ಎಂದರು.

ಇಷ್ಟೇ ಘಟನೆ. ಆದರೆ ಇದರಲ್ಲಿ ಎಷ್ಟು ಪಾಠಗಳಿವೆ ನೋಡಿ. ಸಾಲದ ಮಾತು ಮಸೀದಿಗೆ ಬಂತೆಂದು ಪ್ರವಾದಿ(ಸ)ರು ಯಾರನ್ನೂ ಹೊರಗೆ ಕಳುಹಿಸಲಿಲ್ಲ. ಸಾಲಗಾರನನ್ನು ಎಲ್ಲರ ಮುಂದೆ ಅವಮಾನಿಸಲಿಲ್ಲ. ಸಾಲ ಕೊಟ್ಟವನ ಹಕ್ಕನ್ನೂ ಅಲ್ಲಗಳೆಯಲಿಲ್ಲ. ಮಧ್ಯೆ ನಿಂತರು, ಕೊಟ್ಟವನಿಂದ ರಿಯಾಯಿತಿ ಕೇಳಿದರು, ಅವನು ಮನಸ್ಸಿನಿಂದ ಒಪ್ಪಿದ ಮೇಲೆ ಪಡೆದವನಿಗೆ ಈಗಲೇ ಕೊಡು ಎಂದರು. ರಿಯಾಯಿತಿಯೂ ಇದೆ, ಜವಾಬ್ದಾರಿಯೂ ಇದೆ. ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲುವುದಿಲ್ಲ. ಇದಕ್ಕೆ ಸುಲ್ಹ್ ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ರಾಜಿ ಸಂಧಾನ. ಇಮಾಮ್ ಬುಖಾರಿಯವರು ತಮ್ಮ ಸಂಗ್ರಹದಲ್ಲಿ ಸುಲ್ಹ್‌ಗೆಂದೇ ಒಂದು ಪ್ರತ್ಯೇಕ ಅಧ್ಯಾಯ ಮೀಸಲಿಟ್ಟಿದ್ದಾರೆ.

ಬಡ್ಡಿಯ ಕುರಿತಾದ ಆಯತ್‌ಗಳು ಸೂರಃ ಅಲ್‌ಬಕರಃದ ಕೊನೆಯ ಭಾಗದಲ್ಲಿವೆ. ಬಡ್ಡಿಯ ವಿರುದ್ಧ ಅಷ್ಟು ಕಠೋರವಾದ ಎಚ್ಚರಿಕೆ ಕೊಟ್ಟ ಅಲ್ಲಾಹನು 279ನೇ ಆಯತ್‌ನಲ್ಲಿ ಅಸಲು ಕೊಟ್ಟವನ ಹಕ್ಕು ಎಂದು ಉಳಿಸಿದ್ದಾನೆ. ನೀವೂ ಅನ್ಯಾಯ ಮಾಡಬಾರದು, ನಿಮ್ಮ ಮೇಲೂ ಅನ್ಯಾಯ ಆಗಬಾರದು ಎಂಬುದು ಅದರ ತಾತ್ಪರ್ಯ. ಮುಂದಿನ 280ನೇ ಆಯತ್ ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಲು ಹೇಳುತ್ತದೆ, ಮಾಫಿ ಮಾಡಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. 282ನೇ ಆಯತ್ ಇಡೀ ಕುರ್‌ಆನಿನಲ್ಲೇ ಉದ್ದವಾದದ್ದು. ಅದರ ವಿಷಯವೇನು? ಸಾಲವನ್ನು ಬರೆದಿಡಿ, ಅವಧಿ ಗೊತ್ತುಮಾಡಿ, ಸಾಕ್ಷಿ ಇಡಿ, ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ ಎಂಬುದು. ಸಹೋದರರೇ, ನಾವು ನಮಾಝಿನಲ್ಲಿ ಆ ಸೂರಃ ಕೇಳುತ್ತೇವೆ. ಮನೆಗೆ ಹೋಗಿ ಓದದೆಯೇ ಇಪ್ಪತ್ತು ಕಡೆ ಸಹಿ ಹಾಕುತ್ತೇವೆ!

ಕೆಲವರು ಕೇಳುತ್ತಾರೆ: "ಬ್ಯಾಂಕು ಬಡ್ಡಿ ತಿನ್ನುವ ಸಂಸ್ಥೆ. ಅದಕ್ಕೆ ಕೊಡದಿದ್ದರೆ ಏನು ಪಾಪ?" ಈ ಮಾತು ಸರಿಯಲ್ಲ. ಸೂರಃ ಅಲ್‌ಮಾಇದಃದ ಮೊದಲ ಆಯತ್ ಕರಾರುಗಳನ್ನು ಪಾಲಿಸಲು ಆಜ್ಞಾಪಿಸುತ್ತದೆ. ಅದೇ ಸೂರಃದ 8ನೇ ಆಯತ್ ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಎಚ್ಚರಿಸುತ್ತದೆ. ಬ್ಯಾಂಕಿನಲ್ಲಿರುವ ಅಸಲು ಯಾರ ಹಣ? ಗುಬ್ಬಿಯ ಅಡಿಕೆ ಬೆಳೆಗಾರನದ್ದು, ಕುಣಿಗಲ್‌ನ ನಿವೃತ್ತ ಮೇಷ್ಟರದ್ದು, ನಮ್ಮದೇ ಬೀದಿಯ ವಿಧವೆಯದ್ದು. ಕೈಯಲ್ಲಿದ್ದೂ ಕೊಡದೆ ಮುಂದೂಡುವುದನ್ನು ಪ್ರವಾದಿ(ಸ)ರು ಝುಲ್ಮ್ ಎಂದು ಕರೆದಿದ್ದಾರೆ.

ಇದರ ಇನ್ನೊಂದು ಮುಖವೂ ಇದೆ. ಬ್ಯಾಂಕು ತಪ್ಪು ಮಾಡಿದಾಗ ಸುಮ್ಮನಿರುವುದು ಸಬ್ರ್ ಅಲ್ಲ. ಎಟಿಎಂನಲ್ಲಿ ನೋಟು ಬರಲಿಲ್ಲ, ಖಾತೆಯಲ್ಲಿ ಹಣ ಕಡಿತವಾಯಿತು. ಸಾಲ ಪೂರ್ತಿ ತೀರಿತು, ಮನೆಯ ಪತ್ರ ವಾಪಸ್ ಬರಲಿಲ್ಲ. ಕೇಳದೇ ಇದ್ದ ವಿಮೆಗೆ ಪ್ರತಿ ವರ್ಷ ಹಣ ಹೋಗುತ್ತಿದೆ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ಸಿಬಿಲ್ ವರದಿಯಲ್ಲಿದೆ. ಇಂಥ ಕಡೆ ನಿಮ್ಮ ಹಕ್ಕು ಕೇಳುವುದು ಜಗಳವಲ್ಲ. ಕೇಳುವ ದಾರಿ ತಿಳಿದಿರಬೇಕು ಅಷ್ಟೇ. ಆ ದಾರಿಯನ್ನು ಒಂದೊಂದೇ ಮೆಟ್ಟಿಲಾಗಿ ಹೇಳುತ್ತೇನೆ.

ಮೊದಲನೆಯ ಮೆಟ್ಟಿಲು ನಿಮ್ಮ ಶಾಖೆಯೇ. ಬಾಯಿಮಾತಿನ ದೂರಿಗೆ ಗುರುತು ಉಳಿಯುವುದಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಖಾತೆ ಸಂಖ್ಯೆ, ನಡೆದ ದಿನಾಂಕ, ಮೊತ್ತ, ಏನಾಯಿತು, ನಿಮಗೆ ಏನಾಗಬೇಕು, ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಕೌಂಟರಿನಲ್ಲಿರುವ ಹುಡುಗಿ ಅಥವಾ ಹುಡುಗ ನಿಮ್ಮ ಶತ್ರುವಲ್ಲ, ದನಿ ಏರಿಸಬೇಡಿ. ಹಳೆಯ ಪಾಸ್‌ಬುಕ್ಕನ್ನು ಎಂದೂ ಬಿಸಾಡಬೇಡಿ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಹಿರಿಯರ ಪಾಸ್‌ಬುಕ್ಕಿನ ಮೇಲೆ ಇನ್ನೂ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದಿದೆ. ಅದು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ ಸೇರಿತು. ಹೆಸರು ಬದಲಾದರೂ ಹೊಣೆ ಹೊಸ ಬ್ಯಾಂಕಿನದೇ. ಹಳೆಯ ಕಾಗದವೇ ನಿಮ್ಮ ಸಾಕ್ಷಿ.

ಕೆಲವು ಹಕ್ಕುಗಳನ್ನು ನೆನಪಿಡಿ. ಇವು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳಲ್ಲೇ ಇರುವವು. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ ಐದು ದಿನಗಳೊಳಗೆ ವಾಪಸ್ ಹಾಕಬೇಕು, ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು 2019ರ ನಿಯಮ. ಸಾಲ ಪೂರ್ತಿ ತೀರಿಸಿದ 30 ದಿನಗಳಲ್ಲಿ ಮನೆ-ಜಮೀನಿನ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವ ಹಾಗಿಲ್ಲ. ಇದು 2024ರಿಂದ ಜಾರಿಗೆ ಬಂದ ನಿಯಮ.

ಫೋನಿನ ಮೂಲಕ ಹಣ ಹೋದಾಗ ಮಾತ್ರ ತಡ ಮಾಡಲೇಬಾರದು. ಅದೇ ನಿಮಿಷದಲ್ಲಿ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. 2017ರ ಸುತ್ತೋಲೆಯ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ಆದರೆ ಓಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ಆದ್ದರಿಂದ "ಮಗ ಕೆಲಸದಿಂದ ಬರಲಿ, ಆಮೇಲೆ ನೋಡೋಣ" ಎಂದು ಕಾಯಬೇಡಿ. ಮಕ್ಕಳೂ ತಾಯಂದಿರ ಮೇಲೆ ಕೂಗಬೇಡಿ. ಬೈಗುಳಕ್ಕೆ ಹೆದರಿ ಅಮ್ಮಿ ಎರಡು ದಿನ ಸುಮ್ಮನಿದ್ದರೆ ಕಳೆದುಕೊಳ್ಳುವುದು ಆ ಅಮೂಲ್ಯವಾದ ಎರಡು ದಿನಗಳನ್ನೇ.

ಶಾಖೆ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ನ್ಯಾಯವೆನಿಸದಿದ್ದರೆ, ಎರಡನೆಯ ಮೆಟ್ಟಿಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 1995ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು 2021ರ ನವೆಂಬರ್ 12ರಂದು ಬ್ಯಾಂಕು, ಫೈನಾನ್ಸ್ ಕಂಪನಿ, ಡಿಜಿಟಲ್ ಪಾವತಿ ಮೂರಕ್ಕೂ ಸೇರಿ ಒಂದೇ ಮಾಡಲಾಯಿತು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 14448 ಸಂಖ್ಯೆಗೆ ಕರೆ ಮಾಡಿ ವಿವರ ಕೇಳಬಹುದು. ಇಲ್ಲಿಯೂ ಮೊದಲು ನಡೆಯುವುದು ಸಂಧಾನದ ಪ್ರಯತ್ನವೇ. ಎರಡೂ ಕಡೆಯವರು ಒಪ್ಪುವ ಹಾಗೆ ಮಾಡಲು ನೋಡುತ್ತಾರೆ, ಆಗದಿದ್ದರೆ ತೀರ್ಪು ಕೊಡುತ್ತಾರೆ. ಆದರೆ ಒಂದು ವಿಷಯ ತಿಳಿದಿರಲಿ. ಒಂಬುಡ್ಸ್‌ಮನ್ ನೋಡುವುದು ಸೇವೆಯಲ್ಲಿನ ಲೋಪವನ್ನು. ನನಗೆ ಸಾಲ ಕೊಡಲಿಲ್ಲ, ನನ್ನ ಸಾಲ ಮನ್ನಾ ಮಾಡಲಿಲ್ಲ ಎಂಬ ದೂರು ಅಲ್ಲಿ ನಿಲ್ಲುವುದಿಲ್ಲ. ನ್ಯಾಯಾಲಯದಲ್ಲಿ ಇರುವ ಪ್ರಕರಣವನ್ನೂ ಅವರು ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ದಾರಿ ನಮ್ಮ ತುಮಕೂರಿನಲ್ಲೇ ಇರುವ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬ್ಯಾಂಕಿಂಗ್ ಕೂಡ ಒಂದು ಸೇವೆ. ಹೊಟ್ಟೆಪಾಡಿಗೆಂದು ಆಟೋ ಕೊಂಡವನೂ ಗ್ರಾಹಕನೇ. ಪಾವತಿಸಿದ ಮೌಲ್ಯ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ನೀವು ವಾಸಿಸುವ ಊರಿನ ಆಯೋಗದಲ್ಲೇ ಕೊಡಬಹುದು, ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ರಾಜಿಯ ಸಾಧ್ಯತೆ ಕಂಡು ಎರಡೂ ಕಡೆಯವರು ಒಪ್ಪಿದರೆ ಆಯೋಗವೇ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳುಹಿಸುತ್ತದೆ. ಇದನ್ನು ಆ ಕಾಯ್ದೆಯಲ್ಲೇ ಬರೆದಿದ್ದಾರೆ.

ಈಗ ಸಾಲದ ವಿಷಯಕ್ಕೆ ಬರೋಣ. ಕಂತು ಕಟ್ಟಲಾಗದೆ ಸೋತವನಿಗೆ ಹತ್ತಿರದ ಬಾಗಿಲು ಲೋಕ ಅದಾಲತ್. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಇದು ನಡೆಯುತ್ತದೆ. ತುಮಕೂರಿನ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಗುಬ್ಬಿಯವರು ಗುಬ್ಬಿಯಲ್ಲೇ, ಕುಣಿಗಲ್‌ನವರು ಕುಣಿಗಲ್‌ನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತದೆ. ಕೇಸು ಇನ್ನೂ ಕೋರ್ಟಿಗೆ ಹೋಗದಿದ್ದರೂ, ಅಂದರೆ ವ್ಯಾಜ್ಯಪೂರ್ವ ಹಂತದಲ್ಲೇ, ಬ್ಯಾಂಕಿನ ಬಾಕಿ ಪ್ರಕರಣಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಶುಲ್ಕವಿಲ್ಲ. ಕೋರ್ಟಿನಲ್ಲಿದ್ದ ಕೇಸು ಅಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ರಾಜಿಯಾಗದಿದ್ದರೆ ನೀವು ಕಳೆದುಕೊಳ್ಳುವುದೇನೂ ಇಲ್ಲ, ಮಾಮೂಲಿ ದಾರಿ ತೆರೆದೇ ಇರುತ್ತದೆ. 15100 ಕಾನೂನು ಸೇವೆಗಳ ಸಹಾಯವಾಣಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ನೋಟಿಸು ಬಂದ ದಿನವೇ ಏಕೆ ಎಚ್ಚರವಾಗಬೇಕು? ಮನೆ ಅಡವಿಟ್ಟ ಸಾಲದಲ್ಲಿ ಸರ್ಫೇಸಿ ಕಾಯ್ದೆಯ ಮೊದಲ ನೋಟಿಸು 60 ದಿನ ಕೊಡುತ್ತದೆ. ಆ 60 ದಿನಗಳಲ್ಲಿ ನೀವು ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಕಾರಣ ಸಹಿತ ಉತ್ತರಿಸಬೇಕು. ಅಡವಿಟ್ಟದ್ದು ಕೃಷಿ ಜಮೀನಾದರೆ ಆ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಬೀರುವಿನಲ್ಲಿ ಬಚ್ಚಿಟ್ಟ ಲಕೋಟೆಯೊಳಗೆ ಈ 60 ದಿನಗಳು ಸುಮ್ಮನೆ ಸತ್ತುಹೋಗುತ್ತವೆ.

ಒಂದು ಲೆಕ್ಕ ಉದಾಹರಣೆಗೆ ಹೇಳುತ್ತೇನೆ. ಒಬ್ಬ ಸಹೋದರ ಗೂಡ್ಸ್ ಆಟೋಗೆ ಸಾಲ ಪಡೆದಿದ್ದಾನೆ ಎಂದುಕೊಳ್ಳಿ. ಅಪಘಾತವಾಗಿ ಆರು ತಿಂಗಳು ದುಡಿಮೆ ನಿಂತಿತು. ಈಗ ಅಸಲು ಬಾಕಿ 1,80,000, ಬಡ್ಡಿ 46,000, ದಂಡ ಮತ್ತು ಚೆಕ್ ಬೌನ್ಸ್ ಶುಲ್ಕ 34,000. ಒಟ್ಟು 2,60,000. ಅವನು ಓಡಿಹೋದರೆ ಆಟೋ ಹೋಗುತ್ತದೆ, ಹರಾಜಿನಲ್ಲಿ ಕಡಿಮೆಗೆ ಹೋಗುತ್ತದೆ, ಉಳಿದ ಬಾಕಿಗೆ ಜಾಮೀನು ನಿಂತ ಭಾವಮೈದುನನನ್ನು ಹಿಡಿಯುತ್ತಾರೆ. ಅದರ ಬದಲು ಆಸ್ಪತ್ರೆಯ ಕಾಗದ ಹಿಡಿದು ಅದಾಲತ್‌ನಲ್ಲಿ ಕುಳಿತು, "ಸಾರ್, ನನ್ನಿಂದ 2,00,000 ಆಗುತ್ತದೆ, 50,000ದಂತೆ ನಾಲ್ಕು ಕಂತು ಕೊಡಿ" ಎಂದು ಕೇಳಲಿ. ಬ್ಯಾಂಕು ಒಪ್ಪಬಹುದು, 2,20,000 ಎನ್ನಬಹುದು, ಬೇಡವೆನ್ನಲೂಬಹುದು. ರಿಯಾಯಿತಿ ನಮ್ಮ ಹಕ್ಕಲ್ಲ, ಅದು ಕೊಡುವವರ ಒಪ್ಪಿಗೆ. ಕಅಬ್(ರ)ರೂ ಒಪ್ಪಿಯೇ ಬಿಟ್ಟದ್ದು. ಆದರೆ ಕೇಳದವನಿಗೆ ಯಾರೂ ಬಿಡುವುದಿಲ್ಲ.

ಎಷ್ಟು ಕೇಳಿದರೂ ಒಪ್ಪದಿದ್ದರೆ? ಹಝ್ರತ್ ಜಾಬಿರ್(ರ)ರ ತಂದೆ ಉಹುದ್‌ನಲ್ಲಿ ಶಹೀದರಾದಾಗ ಸಾಲ ಬಿಟ್ಟು ಹೋಗಿದ್ದರು. ತೋಟದ ಖರ್ಜೂರ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡಿ ಎಂದು ಸ್ವತಃ ಪ್ರವಾದಿ(ಸ)ರೇ ಕೇಳಿದರೂ ಸಾಲ ಕೊಟ್ಟವರು ಒಪ್ಪಲಿಲ್ಲ. ಪ್ರವಾದಿ(ಸ)ರು ಅವರನ್ನು ಬಲವಂತಪಡಿಸಲಿಲ್ಲ. ಮರುದಿನ ತೋಟಕ್ಕೆ ಬಂದು ಬರಕತ್‌ಗಾಗಿ ದುಆ ಮಾಡಿದರು. ಖರ್ಜೂರ ಕಿತ್ತು ಎಲ್ಲರ ಸಾಲ ತೀರಿಸಿದ ಮೇಲೂ ಉಳಿಯಿತು. ಸಂಧಾನ ಫಲಿಸದಿದ್ದರೂ ತೀರಿಸುವ ಪ್ರಯತ್ನ ನಿಲ್ಲಬಾರದು, ಅಲ್ಲಾಹನ ಮೇಲಿನ ಭರವಸೆ ಕುಂದಬಾರದು ಎಂಬುದೇ ಇದರ ಪಾಠ.

ಸುಲ್ಹ್‌ಗೆ ಕೂರುವವನಿಗೆ ಕೆಲವು ಅದಬ್‌ಗಳಿವೆ. ಮೊದಲನೆಯದು ಸತ್ಯ. ಸಾಲಗಾರನಾದವನು ಮಾತಾಡಿದರೆ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬ ಕಾರಣದಿಂದಲೇ ಪ್ರವಾದಿ(ಸ)ರು ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ಅಭಯ ಕೋರುತ್ತಿದ್ದರು. ಇಲ್ಲದ ಕಾಯಿಲೆಗೆ ಸರ್ಟಿಫಿಕೇಟ್ ಮಾಡಿಸಬೇಡಿ. ಜಮೀನನ್ನು ಭಾಮೈದನ ಹೆಸರಿಗೆ ವರ್ಗಾಯಿಸಿ ಏನೂ ಇಲ್ಲವೆನ್ನಬೇಡಿ. ಮಧ್ಯೆ ಬಂದು ಮ್ಯಾನೇಜರ್‌ಗೆ ಕೊಡಬೇಕು ಎಂದು ದುಡ್ಡು ಕೇಳುವವನನ್ನು ದೂರವಿಡಿ, ಲಂಚ ಕೊಟ್ಟು ಪಡೆದ ರಿಯಾಯಿತಿಯಲ್ಲಿ ಬರಕತ್ ಇಲ್ಲ.

ಎರಡನೆಯದು ಓದಿ ಸಹಿ ಹಾಕುವುದು. ಲೋಕ ಅದಾಲತ್‌ನ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಒಪ್ಪಿದ ಮೇಲೆ ಮುಗಿಯಿತು. ಆದ್ದರಿಂದ ಎಷ್ಟು, ಯಾವ ತಾರೀಖಿಗೆ, ಒಂದು ಕಂತು ತಪ್ಪಿದರೆ ಏನಾಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಓದಿ ಹೇಳಿ ಎನ್ನಿ, ಅದರಲ್ಲಿ ನಾಚಿಕೆಯೇನು? ಆಗದ ಮೊತ್ತಕ್ಕೆ ಮುಲಾಜಿಗೆ ಬಿದ್ದು ತಲೆಯಾಡಿಸಬೇಡಿ.

ಮೂರನೆಯದು ಮಾತು ಉಳಿಸಿಕೊಳ್ಳುವುದು. ಎದ್ದು ಹೋಗಿ ತೀರಿಸು ಎಂಬ ಆ ಅರ್ಧ ಭಾಗವನ್ನು ನಾವು ಮರೆಯುತ್ತೇವೆ. ರಿಯಾಯಿತಿ ಸಿಕ್ಕಿದ ಖುಷಿಯಲ್ಲಿ ಮನೆಯಲ್ಲಿ ದಾವತ್ ಮಾಡಿ ಮೊದಲ ಕಂತನ್ನೇ ತಪ್ಪಿಸಿದರೆ ರಾಜಿಯೂ ಮುರಿಯುತ್ತದೆ, ಮುಂದೆ ಬರುವ ನಮ್ಮ ಇನ್ನೊಬ್ಬ ಸಹೋದರನ ಮಾತಿಗೂ ಬೆಲೆ ಇರುವುದಿಲ್ಲ. ಹಣವನ್ನು ಖಾತೆಗೇ ಕಟ್ಟಿ, ರಸೀದಿ ಇಲ್ಲದೆ ವಸೂಲಿಗೆ ಬಂದವನ ಕೈಗೆ ಕೊಡಬೇಡಿ. ಮುಗಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ಪಡೆಯಿರಿ, ವಾಹನವಾದರೆ ಆರ್‌ಟಿಓದಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಕಡಿಮೆಗೆ ರಾಜಿಯಾದ ಸಾಲ ಸಿಬಿಲ್ ವರದಿಯಲ್ಲಿ ಪೂರ್ತಿ ತೀರಿದ ಸಾಲದಂತೆ ಕಾಣಿಸುವುದಿಲ್ಲ, ರಾಜಿಯಾಗಿದೆ ಎಂದೇ ಬರುತ್ತದೆ ಎಂಬುದೂ ಗೊತ್ತಿರಲಿ.

ತಾಯಂದಿರಿಗೆ, ಸಹೋದರಿಯರಿಗೆ ಒಂದು ಮಾತು. ಬೀಡಿ ಕಟ್ಟಿ, ಹೊಲಿಗೆ ಹಾಕಿ, ಸಂಘದ ಮೂಲಕ ಮೈಕ್ರೋಫೈನಾನ್ಸ್ ಸಾಲ ಪಡೆದವರು ನಮ್ಮಲ್ಲಿ ಅನೇಕರಿದ್ದಾರೆ. ವಾರದ ಕಂತು ತಪ್ಪಿದಾಗ ಮನೆ ಮುಂದೆ ಕುಳಿತು ಬೈಯುವುದು, ನೆಂಟರಿಗೆ ಫೋನ್ ಮಾಡುವುದು ನಿಯಮಬಾಹಿರ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಇಂಥ ಕಿರುಕುಳದಿಂದ ಜನ ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ತಂದಿತು. ಸಹೋದರಿಯರೇ, ಪ್ರಾಣ ಅಲ್ಲಾಹನ ಅಮಾನತ್ತು. ಯಾವ ಸಾಲವೂ ಅದಕ್ಕಿಂತ ದೊಡ್ಡದಲ್ಲ. ಒಬ್ಬರೇ ಹೊತ್ತುಕೊಂಡು ಕೂರಬೇಡಿ, ಹೇಳಿಕೊಳ್ಳಿ.

ಬ್ಯಾಂಕಿನ ಬಡ್ಡಿಯಿಂದ ತಪ್ಪಿಸಿಕೊಳ್ಳುತ್ತೇನೆಂದು ಇನ್ನೊಂದು ಗುಂಡಿಗೆ ಬೀಳಬಾರದು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ, ಹಲಾಲ್ ಲಾಭ ಎಂಬ ಮಾತು ನಂಬಿದ್ದ ನಮ್ಮ ಸಮುದಾಯದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅದು ಬ್ಯಾಂಕ್ ಆಗಿರಲಿಲ್ಲ, ಆದ್ದರಿಂದ ಬ್ಯಾಂಕಿಂಗ್ ಒಂಬುಡ್ಸ್‌ಮನ್ನಿನ ಬಾಗಿಲು ಅವರಿಗೆ ಇರಲಿಲ್ಲ. ಹಣ ಕೊಡುವ ಮುಂಚೆ ಕೇಳಿ: ನಾಳೆ ತಕರಾರಾದರೆ ನಾನು ಯಾರ ಮುಂದೆ ಹೋಗಬೇಕು? ಇದಕ್ಕೆ ಸ್ಪಷ್ಟ ಉತ್ತರವಿಲ್ಲದ ಕಡೆ, ಹೊರಗಿನ ಹಲಗೆಯಲ್ಲಿ ಏನೇ ಬರೆದಿರಲಿ, ದುಡ್ಡು ಇಡಬೇಡಿ.

ಮನೆಯ ಹಿರಿಯರು ತೀರಿಕೊಂಡ ಮೇಲೆ ಏಳುವ ತಕರಾರೂ ಬಹಳ. ಸರಿಯಾದ ದಾಖಲೆಗಳನ್ನು ಕೊಟ್ಟ 15 ದಿನಗಳಲ್ಲಿ ಬ್ಯಾಂಕು ಹಣ ಬಿಡುಗಡೆ ಮಾಡಬೇಕು. ಆದರೆ ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಆ ಹಣ ನಾಮಿನಿಯದಾಗುವುದಿಲ್ಲ. ಅವನು ವಾರಸುದಾರರ ಪರವಾಗಿ ಪಡೆಯುವವನು. ಮೊದಲು ಮಯ್ಯಿತ್‌ನ ಸಾಲ ತೀರಬೇಕು, ಆಮೇಲೆ ವಸಿಯ್ಯತ್ತು, ಆಮೇಲೆ ಅಲ್ಲಾಹನು ಗೊತ್ತುಪಡಿಸಿದ ಪಾಲು. ಅಕ್ಕತಂಗಿಯರ ಪಾಲನ್ನು ನುಂಗಿದವನು ಬ್ಯಾಂಕಿನಿಂದ ನ್ಯಾಯ ಕೇಳಲು ಯಾವ ಬಾಯಿ ಇಟ್ಟುಕೊಂಡಿದ್ದಾನೆ?

ಕೊನೆಯದಾಗಿ ಜಮಾಅತಿನ ಹೊಣೆ. ಸೂರಃ ಅನ್ನಿಸಾದ 114ನೇ ಆಯತ್ ಜನರ ಗುಟ್ಟಿನ ಮಾತುಗಳಲ್ಲಿ ಹೆಚ್ಚಿನವುಗಳಲ್ಲಿ ಒಳಿತಿಲ್ಲ, ದಾನಕ್ಕೆ, ಸತ್ಕಾರ್ಯಕ್ಕೆ, ಜನರ ನಡುವೆ ಸಂಧಾನಕ್ಕೆ ಪ್ರೇರೇಪಿಸುವವರ ಮಾತು ಬಿಟ್ಟು ಎಂಬ ಅರ್ಥ ಕೊಡುತ್ತದೆ. ನಮ್ಮ ಮಸೀದಿಯ ಜಗುಲಿಯಲ್ಲಿ ಯಾರ ಮನೆ ಹರಾಜಿಗೆ ಬಂತು ಎಂದು ಪಿಸುಗುಟ್ಟುವ ನಾಲ್ಕು ಜನ ಯಾವಾಗಲೂ ಸಿಗುತ್ತಾರೆ. ಅವನ ಜೊತೆ ಶಾಖೆಗೆ ಹೋಗಿ ಪಕ್ಕದಲ್ಲಿ ಕೂರುವ ಒಬ್ಬ ಬೇಕು. ಬಿ.ಕಾಂ. ಓದಿದ, ವಕೀಲಿಕೆ ಮಾಡುವ ಹುಡುಗರು ನಮ್ಮಲ್ಲಿದ್ದಾರೆ. ವಾರಕ್ಕೆ ಒಂದು ದಿನ ಇಶಾ ನಂತರ ಒಂದು ಗಂಟೆ ಕೊಡಿ. ನೋಟಿಸು ಓದಿ ಹೇಳಿ, ಅರ್ಜಿ ಬರೆದುಕೊಡಿ, ಕೇಳಿದ್ದನ್ನು ಹೊರಗೆ ಹೇಳಬೇಡಿ. ಪಕ್ಕದ ಮನೆಯ ಹಿಂದೂ ಸಹೋದರನ ಕೈಯಲ್ಲೂ ಅಂಥದೇ ಲಕೋಟೆ ಇದ್ದರೆ ಅವನಿಗೂ ಓದಿ ಹೇಳಿ, ಅದು ನೆರೆಯವನ ಹಕ್ಕು.

ಸೂರಃ ಅತ್ತೌಬಃದ 60ನೇ ಆಯತ್ ಝಕಾತ್‌ನ ಎಂಟು ಹಕ್ಕುದಾರರನ್ನು ಎಣಿಸುತ್ತದೆ. ಅವರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ರಮಝಾನಿನಲ್ಲಿ ನೂರು ಜನರಿಗೆ ಐನೂರು ರೂಪಾಯಿ ಹಂಚುವ ನಾವು, ನಿಜವಾಗಿ ನೊಂದ ಒಬ್ಬನ ರಾಜಿ ಮೊತ್ತದ ಕೊನೆಯ ಕಂತು ಕಟ್ಟಿ ಅವನ ಆಟೋವನ್ನೋ ಮನೆಯನ್ನೋ ಬಿಡಿಸಿಕೊಡುವುದರ ಬಗ್ಗೆ ಯೋಚಿಸಬೇಕು. ಯಾರಿಗೆ, ಎಷ್ಟು, ಅಸಲಿಗೋ ಬಡ್ಡಿಗೋ ಎಂಬುದನ್ನು ಮುಫ್ತಿಗಳಲ್ಲಿ ಕೇಳಿಯೇ ಮಾಡಿ. ಬಿಡುಗಡೆಯಾದವನು ಮತ್ತೆ ಬಡ್ಡಿಯ ಕಡೆ ಹೋಗದಂತೆ ತೌಬಾ ಮಾಡಲಿ, ಜಮಾಅತ್ ಅವನಿಗೆ ಬಡ್ಡಿರಹಿತ ಸಣ್ಣ ಸಾಲದ ವ್ಯವಸ್ಥೆಯನ್ನು ತೋರಿಸಲಿ. ತೌಬಾ ಮಾಡು ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ.

ಈ ವಾರ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಬ್ಯಾಂಕಿನ ಕಾಗದಗಳನ್ನೆಲ್ಲ ಹೊರತೆಗೆದು, ಗಂಡ ಹೆಂಡತಿ ಒಟ್ಟಿಗೆ ಕುಳಿತು, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ತಾರೀಖು ಹಾಕಿ. ನಾಳೆ ನಮ್ಮ ಕಣ್ಣು ಮುಚ್ಚಿದರೆ ಮಕ್ಕಳಿಗೆ ಆ ಹಾಳೆಯೇ ದಾರಿ ತೋರಿಸುತ್ತದೆ. ತೆರೆಯದ ಲಕೋಟೆ ಇದ್ದರೆ ಇವತ್ತೇ ತೆರೆಯಿರಿ.

ಯಾ ಅಲ್ಲಾಹ್, ನಮ್ಮಲ್ಲಿ ಸಾಲಗಾರರಾದವರ ಹೊರೆ ಇಳಿಸು. ಕೊಡುವವರಿಗೆ ಮೃದುವಾದ ಮನಸ್ಸನ್ನೂ, ಪಡೆದವರಿಗೆ ತೀರಿಸುವ ನಿಯ್ಯತ್ತನ್ನೂ ಕೊಡು. ಹಲಾಲ್ ಸಂಪಾದನೆಯನ್ನು ನಮಗೆ ಸಾಕಾಗಿಸಿ ಬಡ್ಡಿಯಿಂದ ನಮ್ಮನ್ನು ದೂರವಿಡು. ಜನರ ನಡುವೆ ಸಂಧಾನ ಮಾಡುವವರಲ್ಲಿ ನಮ್ಮನ್ನು ಸೇರಿಸು. ಆಮೀನ್.